ದೀಪ ಆರಿಸುವ ಮನೆಯಲ್ಲಿ ಓತಿಯ ಹೊಟ್ಟೆ

ಅಮೆರಿಕದ ಚಳಿ ಊರುಗಳಲ್ಲಿ ಸಂಸಾರ ಹೂಡಿದ ಕನ್ನಡಿಗರ ಮನೆಗೆ ಓತಿಕ್ಯಾತ ಬರುವುದು ಚೌಕಾಸಿಯ ಬಾಗಿಲಿನಿಂದ. ಮಗು ಕೇಳಿದ್ದು ನಾಯಿ. ನಾಯಿ ತಂದರೆ ಜನವರಿಯ ಹಿಮದಲ್ಲಿ ಬೆಳಗಿನ ಆರಕ್ಕೆ ಅದರ ಹಿಂದೆ ಹೋಗಬೇಕು, ಅದು ಮಾಡಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಚಬೇಕು, ಬೆಚ್ಚಗಿನ ಆ ಚೀಲ ಹಿಡಿದುಕೊಂಡೇ ಎದುರುಮನೆಯವರಿಗೆ ಗುಡ್ ಮಾರ್ನಿಂಗ್ ಹೇಳಬೇಕು. ಇಂಜಿನಿಯರಿಂಗ್ ಓದಿ, ವೀಸಾಕ್ಕೆ ಸಾಲಿನಲ್ಲಿ ನಿಂತು, ಸಮುದ್ರ ದಾಟಿ ಬಂದದ್ದು ಇದಕ್ಕಾ ಎಂಬ ಪ್ರಶ್ನೆ ಏಳುತ್ತದೆ. ಬೆಕ್ಕು ಅಂದರೆ ಅಲರ್ಜಿ, ಮೀನಿಗೆ ಆಯುಷ್ಯ ಸಾಲದು. ಕೊನೆಗೆ ಒಪ್ಪಂದ ಕುದುರುವುದು ಬಿಯರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಓತಿಯ ಮೇಲೆ. ಅದು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನ ಪ್ರಾಣಿ. ನಮ್ಮ ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತನ ಕುಲದ್ದೇ, ‘ಕರ್ವಾಲೊ’ ಕಾದಂಬರಿಯ ಹಾರುವ ಓತಿಗೂ ದಾಯಾದಿ. ಬೊಗಳುವುದಿಲ್ಲ, ಕೂದಲುದುರಿಸುವುದಿಲ್ಲ, ವಾಕಿಂಗ್ ಕೇಳುವುದಿಲ್ಲ. ಹೇಲು ಬಾಚುವ ಕೆಲಸ ತಪ್ಪಿತೆಂದು ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಚಳಿಗಾಲ ಕಾಲಿಟ್ಟ ಕೆಲವೇ ವಾರಗಳಲ್ಲಿ ಅದೇ ಮಂದಿ ಗಾಜಿನ ಪೆಟ್ಟಿಗೆಯ ಸುತ್ತ ನಿಂತು, ಇವತ್ತಾದರೂ ಮಾಡೀತೇ ಎಂದು ಕಾಯುತ್ತಿರುತ್ತಾರೆ.

ತಿಂದದ್ದೋ ಮರಳೋ ಕರುಳಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡು ಮುಂದೆ ಸಾಗದಿರುವುದಕ್ಕೆ ಪಶುವೈದ್ಯರು ಇಂಪ್ಯಾಕ್ಷನ್ ಎನ್ನುತ್ತಾರೆ. ಮನೆಮಾತಿನಲ್ಲಿ ಹೊಟ್ಟೆ ಕಟ್ಟಿದೆ, ಅಷ್ಟೆ. ಓತಿ ತಿನ್ನುವುದು ಬಿಡುತ್ತದೆ, ಹೊಟ್ಟೆ ಊದುತ್ತದೆ, ಮುಕ್ಕರಿದರೂ ಏನೂ ಬರುವುದಿಲ್ಲ, ವಿಪರೀತಕ್ಕೆ ಹೋದರೆ ಹಿಂಗಾಲು ಎಳೆಯತೊಡಗುತ್ತದೆ. ಕಾರಣ ಹುಡುಕುವಾಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ಅಪ್ಪನ ಪ್ರಕಾರ ಅಂಗಡಿಯವನು ರೋಗದ ಮಾಲು ಕೊಟ್ಟ. ಅಮ್ಮನ ಪ್ರಕಾರ ಮಗ ಸರಿಯಾಗಿ ನೋಡಿಕೊಳ್ಳಲಿಲ್ಲ. ಊರಿನಿಂದ ಬಂದಿರುವ ಅಜ್ಜಿಯ ಪ್ರಕಾರ ದೃಷ್ಟಿ. ಮೂವರೂ ನಿರ್ಲಕ್ಷ್ಯವನ್ನೋ ದುರುದ್ದೇಶವನ್ನೋ ಹುಡುಕುತ್ತಿದ್ದಾರೆ. ನನ್ನ ವಾದ ಇಷ್ಟೆ: ಕನ್ನಡದ ಮನೆಯಲ್ಲಿ ಓತಿಯ ಹೊಟ್ಟೆ ಕಟ್ಟುವುದು ಆ ಮನೆಯ ಸದ್ಗುಣಗಳಿಂದ. ಮಕ್ಕಳನ್ನು ಡಾಕ್ಟರು ಮಾಡಿದ, ಸಾಲ ತೀರಿಸಿದ, ನೆಂಟರನ್ನು ಗೆದ್ದ ಅವೇ ಗುಣಗಳು ಓತಿಯ ಕರುಳಿಗೆ ಬೆಣೆ ಹೊಡೆಯುತ್ತವೆ. ಹಲ್ಲಿ ನಮ್ಮ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂದು ಪಂಚಾಂಗದಲ್ಲಿ ಪಟ್ಟಿಯೇ ಇದೆ. ಹಲ್ಲಿಯ ಮೇಲೆ ನಾವು ಬಿದ್ದರೆ ಅದಕ್ಕೇನು ಫಲ ಎಂಬುದಕ್ಕೆ ಒಂದು ಸಾಲೂ ಇಲ್ಲ.

ಮೊದಲ ಅಪರಾಧಿ ಮಿತವ್ಯಯ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡರೆ ಕನ್ನಡದ ತಂದೆಯ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತದೆ. ಮಗ ಶಾಲೆಗೆ ಹೋದ ಮೇಲೆ ಅವನ ಕೋಣೆ ಖಾಲಿ. ಓತಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದು ಶೀತರಕ್ತದ ಪ್ರಾಣಿ. ಅದು ಕೂತು ಮೈ ಕಾಯಿಸುವ ಕಲ್ಲು ಹಗಲಲ್ಲಿ ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು. ನೆರಳಿನ ಬದಿ 25ರ ಆಸುಪಾಸು. ದೀಪ ಆರಿತೆಂದರೆ ಪೆಟ್ಟಿಗೆ ಮನೆಯ ಬಿಸಿಗೆ ಇಳಿಯುತ್ತದೆ. ಅದಾದರೂ ಎಷ್ಟು? ಥರ್ಮೋಸ್ಟಾಟನ್ನು 68 ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ಸಿಗೆ ಕಟ್ಟಿಹಾಕಿ, ಚಳಿ ಅಂದವರಿಗೆ ಸ್ವೆಟರ್ ಹಾಕ್ಕೋ ಎನ್ನುವ ಮನೆ ಅದು. ಓತಿಗೂ ಪುಟ್ಟದೊಂದು ಸ್ವೆಟರ್ ಹೆಣೆಯಬಹುದಲ್ಲ ಎಂಬ ಸಲಹೆ ಬರುತ್ತದೆ, ಅಜ್ಜಿ ಸೂಜಿ ಹಿಡಿದೂ ಬಿಡುತ್ತಾರೆ. ಸ್ವೆಟರ್ ಬಿಸಿ ಹುಟ್ಟಿಸುವುದಿಲ್ಲ, ಇದ್ದ ಬಿಸಿಯನ್ನು ಹಿಡಿದಿಡುತ್ತದೆ. ಓತಿಯ ಮೈಯಲ್ಲಿ ಹಿಡಿದಿಡುವಂಥ ಸ್ವಂತ ಬಿಸಿಯೇ ಇಲ್ಲ. ಹೊರಗಿನ ಶಾಖವಿಲ್ಲದಿದ್ದರೆ ಜೀರ್ಣರಸ ಕೆಲಸ ಮಾಡುವುದಿಲ್ಲ, ಕರುಳು ಅಲುಗುವುದಿಲ್ಲ, ಬೆಳಿಗ್ಗೆ ನುಂಗಿದ ಮಿಡತೆ ಸಂಜೆಗೂ ಮಿಡತೆಯಾಗಿಯೇ ಕೂತಿರುತ್ತದೆ. ತಮಾಷೆಯೆಂದರೆ ಈ ವಿಜ್ಞಾನ ಆ ಅಡುಗೆಮನೆಗೆ ಹೊಸದಲ್ಲ. ಶಿಕಾಗೋದ ಡಿಸೆಂಬರಿನಲ್ಲಿ ದೋಸೆ ಹಿಟ್ಟು ಉಬ್ಬುವುದಿಲ್ಲವೆಂದು ಅದನ್ನು ಓವನ್ನಿನೊಳಗಿಟ್ಟು ರಾತ್ರಿಯಿಡೀ ಓವನ್ ದೀಪ ಉರಿಸುವವರು ಇವರೇ. ಹಿಟ್ಟಿಗೆ ಸಿಕ್ಕ ಆ ಮರ್ಯಾದೆ ಓತಿಗೆ ಸಿಕ್ಕಿದ್ದರೆ ಸಾಕಿತ್ತು. ಖರ್ಚಿನ ಮಾತು ಎತ್ತುವವರಿಗೆ ಲೆಕ್ಕ ಇಲ್ಲಿದೆ: 100 ವ್ಯಾಟಿನ ಬಲ್ಬು ದಿನಕ್ಕೆ 12 ಗಂಟೆ ಉರಿದರೆ 1.2 ಯುನಿಟ್, ಯುನಿಟ್ಟಿಗೆ 17 ಸೆಂಟ್ ಎಂದಿಟ್ಟುಕೊಂಡರೂ ತಿಂಗಳಿಗೆ ಆರು ಡಾಲರ್ ಚಿಲ್ಲರೆ. ರಾತ್ರಿ ಹೇಗೂ ದೀಪ ಆರಿಸಲೇಬೇಕು. ಅಲ್ಲಿ ತಂದೆಯವರ ಹಕ್ಕಿಗೆ ಚ್ಯುತಿಯಿಲ್ಲ.

ಇನ್ನೊಂದು ದೀಪದ ಕಥೆ ಇದಕ್ಕಿಂತ ಸೂಕ್ಷ್ಮ. ಓತಿಗೆ ಶಾಖದ ಬಲ್ಬಿನ ಜೊತೆಗೆ ಯುವಿಬಿ ಎಂಬ ನೇರಳಾತೀತ ಕಿರಣ ಬೀರುವ ಟ್ಯೂಬೂ ಬೇಕು. ಆ ಕಿರಣದಿಂದ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಹತ್ತದಿದ್ದರೆ ಮೂಳೆ ಮೆತ್ತಗಾಗಿ ದವಡೆ ಕಾಲು ಸೊಟ್ಟಗಾಗುತ್ತವೆ. ಕರುಳಿನ ಸ್ನಾಯುವಿಗೂ ಹಿಂಡಲು ಕ್ಯಾಲ್ಸಿಯಂ ಬೇಕೇ ಬೇಕು. ಹಾಗಾಗಿ ಮೂಳೆಯ ರೋಗ ಕೆಲವು ಸಲ ಮಲಬದ್ಧತೆಯ ವೇಷದಲ್ಲೂ ಬರುತ್ತದೆ. ಈ ಟ್ಯೂಬನ್ನು ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕು, ಯಾಕೆಂದರೆ ಬೆಳಕು ಹಾಗೇ ಇದ್ದರೂ ಕಿರಣ ಬತ್ತಿಹೋಗಿರುತ್ತದೆ. ಚೆನ್ನಾಗಿ ಉರಿಯುತ್ತಿರುವ ಟ್ಯೂಬನ್ನು ಬಿಚ್ಚಿ ಕಸಕ್ಕೆ ಹಾಕು ಎಂದು ಮೈಸೂರು ಕಡೆಯ ಮನುಷ್ಯನಿಗೆ ಹೇಳಿ ನೋಡಿ. ಕಿಟಕಿಯ ಹತ್ತಿರ ಬಿಸಿಲಿಗಿಟ್ಟರೆ ಪುಕ್ಕಟೆಯಾಗಿ ಸಿಗುವುದಿಲ್ಲವೇ ಎಂಬ ಆಕ್ಷೇಪ ತಕ್ಷಣ ಬರುತ್ತದೆ. ಸಿಗುವುದಿಲ್ಲ: ಕಿಟಕಿಯ ಗಾಜು ಯುವಿಬಿಯನ್ನು ಸೋಸಿಬಿಡುತ್ತದೆ. ಬೇಸಿಗೆಯಲ್ಲಿ ಗಾಜಿನ ಪೆಟ್ಟಿಗೆಯನ್ನು ನೇರ ಬಿಸಿಲಿಗಿಟ್ಟರೆ ಓತಿ ಬೆಂದೇ ಹೋಗಬಹುದು.

ಎರಡನೆಯ ಅಪರಾಧಿ ಉಪಚಾರ. ಬಡಿಸುವಾಗ ಸಾಕು ಎಂಬ ಮಾತಿಗೆ ನಮ್ಮಲ್ಲಿ ಬೆಲೆಯಿಲ್ಲ. ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿದವರಿಗೂ ಇನ್ನೊಂದು ಹೋಳಿಗೆ ಬೀಳುತ್ತದೆ. ಅಡ್ಡ ಹಿಡಿಯಲು ಗೊತ್ತಿಲ್ಲದ ಓತಿಯ ಪಾಡು ಊಹಿಸಿ. ಸಾಕುವವರು ಪಾಲಿಸುವ ನಿಯಮ ಸರಳ: ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಕೊಡಬಾರದು. ದಪ್ಪ ಸಿಪ್ಪೆಯ ಸೂಪರ್‌ವರ್ಮ್‌ಗಳನ್ನು ಹಿಡಿಗಟ್ಟಲೆ ಹಾಕಿದರೆ ಸಿಪ್ಪೆಯೇ ಕರುಳಲ್ಲಿ ಮುದ್ದೆಗಟ್ಟುತ್ತದೆ. ಮೆತ್ತಗಿನ ಮೈಯ ರೇಷ್ಮೆ ಹುಳು ಸುಲಭವಾಗಿ ಅರಗುತ್ತದೆ, ಅಲ್ಲಿಯ ಅಂಗಡಿಗಳಲ್ಲೂ ಸಿಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯ ನಾಡಿನಿಂದ ಬಂದವರು ಇದನ್ನು ಕೇಳಿ ಹಿಗ್ಗಬೇಕಿತ್ತು. ಬೀರುವಿನ ತುಂಬ ರೇಷ್ಮೆ ಸೀರೆ ಇಟ್ಟುಕೊಂಡ ಸಸ್ಯಾಹಾರಿ ಮನೆ ರೇಷ್ಮೆ ಹುಳುವನ್ನು ಮಾತ್ರ ಹೊಸ್ತಿಲು ದಾಟಗೊಡುವುದಿಲ್ಲ. ಹುಳವೇ ಬೇಡ, ಸೊಪ್ಪು ಹಾಕೋಣ ಎಂಬುದು ಅವರ ಪರಿಹಾರ. ಬೆಳೆದ ಓತಿಗೆ ಇದು ಮುಕ್ಕಾಲು ಪಾಲು ಸರಿ. ಮರಿಯಲ್ಲಿ ಹುಳಬಾಕನಾದ ಅದು ವಯಸ್ಸಾದಂತೆ ಸೊಪ್ಪಿಗೆ ತಿರುಗುತ್ತದೆ. ಆದರೆ ನಾವು ಸೊಪ್ಪು ಅಂದೊಡನೆ ಕೈಗೆ ಬರುವುದು ಪಾಲಕ್, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಸಾಸಿವೆ ಸೊಪ್ಪು, ಕಾಲರ್ಡ್ ಸೊಪ್ಪು ವಾಸಿ. ಹೊಟ್ಟೆ ತಣ್ಣಗಿರಲಿ ಎಂದು ಮೊಸರನ್ನ ಇಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಲು ಕುಡಿದು ಬೆಳೆಯದ ಜಾತಿಗೆ ಹಾಲಿನ ಸಕ್ಕರೆ ಅರಗಿಸುವ ಏರ್ಪಾಡೇ ಇಲ್ಲ. ಹೊಟ್ಟೆ ತಣ್ಣಗಿರುವುದೇ ಅದರ ರೋಗ ಎಂಬುದು ಬೇರೆ ಮಾತು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ: ಇದೆಲ್ಲ ಸುತ್ತಿಬಳಸಿ ಮಾತು, ನಿಜವಾದ ಕಳ್ಳ ಮರಳು. ಪೆಟ್ಟಿಗೆಯ ತಳಕ್ಕೆ ಸುರಿದ ಮರಳನ್ನು ಓತಿ ಹುಳದ ಜೊತೆ ನುಂಗುತ್ತದೆ, ಕರುಳು ತುಂಬುತ್ತದೆ. ಮರಳು ನಿರಪರಾಧಿ ಎಂದು ನಾನು ಹೇಳುವುದಿಲ್ಲ. ತಳಕ್ಕೆ ಟೈಲೋ ಪೇಪರೋ ಹಾಸುವುದೇ ಕ್ಷೇಮ. ಆದರೆ ಅದರ ಪೂರ್ವಜರು ಮಣ್ಣುಮರಳಿನ ನೆಲದಲ್ಲೇ ಓಡಾಡಿ, ಅಷ್ಟಿಷ್ಟು ನುಂಗಿ, ಸಲೀಸಾಗಿ ಹೊರಹಾಕುತ್ತ ಬಂದವರು. ಮೈಯಲ್ಲಿ ಬಿಸಿ, ನೀರು ಎರಡೂ ಇದ್ದರೆ ಒಂದೆರಡು ಚಿಟಿಕೆ ಸಾಗಿಹೋಗುತ್ತದೆ. ತಣ್ಣಗಿನ ಒಣ ಕರುಳಿನಲ್ಲಿ ಸಿಮೆಂಟಾಗುತ್ತದೆ. ಅಲ್ಲದೆ ಮರಳು ಪೆಟ್ಟಿಗೆಗೆ ಬಂದದ್ದಾದರೂ ಹೇಗೆ? ಪಾಪ, ಅದರ ಊರಿನ ಹಾಗೇ ಇರಲಿ ಎಂಬ ಮರುಕದಿಂದ. ಊರು ಬಿಟ್ಟು ಬಂದವರಿಗೆ ಮಾತ್ರ ಹೊಳೆಯುವ ಆಲೋಚನೆ ಅದು. ಉಪಚಾರದ ಖಾತೆಗೇ ಸೇರಬೇಕು. ಬಿಸಿ ಇದ್ದರೆ ಸಾಕು ಎನ್ನುವ ನನ್ನಂಥವರ ಬಾಯಿ ಮುಚ್ಚಿಸಲು ಫ್ಲೋರಿಡಾದ ಉದಾಹರಣೆ ಇದೆ. 2018ರಲ್ಲಿ ಅಲ್ಲಿನ ಕೊಕೊ ಬೀಚಿನಲ್ಲಿ ಪಿಜ್ಜಾ ಅಂಗಡಿಯೊಂದರ ಹೊರಗೆ ಸಿಕ್ಕ ಸುರುಳಿಬಾಲದ ಹಲ್ಲಿಯೊಂದನ್ನು ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದಾಗ, ಹೊಟ್ಟೆ ಕಂಡು ಬಸುರಿ ಇರಬಹುದೆಂದುಕೊಂಡರು. ಸಿಟಿ ಸ್ಕ್ಯಾನ್ ತೆಗೆದರೆ ಒಳಗಿದ್ದದ್ದು ಮಲದ ಒಂದೇ ಮುದ್ದೆ, ಹಲ್ಲಿಯ ಒಟ್ಟು ತೂಕದ ಶೇಕಡ 78.5 ಭಾಗ. 60 ಕಿಲೋ ತೂಗುವ ಮನುಷ್ಯರಾದರೆ ಅದರಲ್ಲಿ 47 ಕಿಲೋ ಅದೇ. ಉಳಿದ ಅಂಗಗಳು ಕುಗ್ಗಿಹೋಗಿದ್ದವು, ಹಲ್ಲಿಯನ್ನು ಉಳಿಸಲಾಗಲಿಲ್ಲ. ಫ್ಲೋರಿಡಾದಲ್ಲಿ ಬಿಸಿಲಿಗೇನೂ ಬರವಿಲ್ಲ, ಒಪ್ಪಿದೆ. ಆದರೆ ಸಂಶೋಧಕರ ಊಹೆಯಂತೆ ಮರಳನ್ನು ಮುದ್ದೆ ಮಾಡಿದ್ದು ಪಿಜ್ಜಾದ ಜಿಡ್ಡು: ಜಿಡ್ಡು ಹತ್ತಿದ ಮರಳನ್ನು ಅದು ರುಚಿಗಾಗಿ ತಿಂದಿರಬೇಕು. ಬಿಸಿ ಇದ್ದ ಕಡೆ ಎಂಜಲಿನ ಉಪಚಾರ ಆ ಕೆಲಸ ಮುಗಿಸಿತು. ನನ್ನ ವಾದ ಅಲ್ಲಾಡಿದ್ದರೂ ಬೀಳಲಿಲ್ಲ.

ರೋಗ ತಂದ ಮನೆಯೇ ಮದ್ದನ್ನೂ ಬಲ್ಲದು ಎನ್ನುವುದನ್ನು ಹೇಳದಿದ್ದರೆ ಅನ್ಯಾಯವಾದೀತು. ಬೆಳಿಗ್ಗೆ ಎದ್ದವರನ್ನು ಹೊಟ್ಟೆ ಸರಾಗವಾಯ್ತಾ ಎಂದು ವಿಚಾರಿಸುವ ಅಜ್ಜಿಗೆ ಈ ಕಾಯಿಲೆಯ ಗಾಂಭೀರ್ಯ ಯಾರೂ ತಿಳಿಸಬೇಕಾಗಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಓತಿಯನ್ನು ಭುಜ ಮುಳುಗದ ಹಾಗೆ ಕಾಲು ಗಂಟೆ ಕೂರಿಸಿ, ಹೊಟ್ಟೆಯನ್ನು ಮೃದುವಾಗಿ ಬಾಲದ ಕಡೆಗೆ ನೀವುವುದು ಎಲ್ಲ ಅನುಭವಿಗಳೂ ಹೇಳುವ ಮೊದಲ ಉಪಾಯ. ಕೂಸುಗಳಿಗೆ ಎಣ್ಣೆ ನೀರು ಮಾಡಿಸಿದ ಕೈಗಳಿಗೆ ಅದು ತಾನಾಗಿ ಬರುತ್ತದೆ. ಹಂಡೆಯ ನೀರಿನ ಕಾವು ಮಾತ್ರ ಬೇಡ. ಬೇಯಿಸಿ ನುಣ್ಣಗೆ ಮಾಡಿದ ಸಿಹಿಗುಂಬಳವೂ ಒಳ್ಳೆಯದು, ಉಪ್ಪು ಹುಳಿ ಒಗ್ಗರಣೆ ಇಲ್ಲದೆ. ಅಜ್ಜಿಯನ್ನು ತಡೆಯಬೇಕಾದ ಜಾಗ ಒಂದೇ, ಹರಳೆಣ್ಣೆಯ ಸೀಸೆ. ಓತಿಯ ಉಸಿರಿನ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಮೂಗು ಹಿಡಿದು ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಮಲಬದ್ಧತೆಯ ಚಿಂತೆ ಶಾಶ್ವತವಾಗಿ ತೀರುತ್ತದೆ. ಇನ್ನು ಸ್ನಾನ ಅಡುಗೆಮನೆಯ ಸಿಂಕಿನಲ್ಲಿ ಕೂಡದು ಎಂದು ಅವರು ಹಾಕುವ ರಂಪಕ್ಕೆ ಅಮೆರಿಕ ಸರ್ಕಾರದ ಬೆಂಬಲವಿದೆ. ಸರೀಸೃಪಗಳ ಮೈಯಲ್ಲಿ, ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಗಡ್ಡದ ಓತಿಗಳಿಂದಲೇ ಹರಡಿದ ಸೋಂಕುಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ದಾಖಲಿಸಿದೆ. ಐದರ ಒಳಗಿನ ಮಕ್ಕಳಿಗೆ, 65 ದಾಟಿದವರಿಗೆ ಅಪಾಯ ಹೆಚ್ಚು ಎನ್ನುತ್ತದೆ ಅದು. ಹಗಲೆಲ್ಲ ಓತಿಯ ಜೊತೆ ಮನೆಯಲ್ಲಿ ಉಳಿಯುವವರು ಆ ವಯಸ್ಸಿನವರೇ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆ ಎಂಬ ಸೂಚನೆಯನ್ನು ಅಜ್ಜಿ ಮಡಿ ಎಂದು ಕರೆದು ಮೊದಲ ದಿನದಿಂದ ಜಾರಿಯಲ್ಲಿಟ್ಟಿದ್ದಾರೆ.

ಮಾಡದಿರುವುದೆಲ್ಲ ರೋಗವಲ್ಲ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಬೆಳೆದ ಓತಿ ಚಳಿಗಾಲದಲ್ಲಿ ವಾರಗಟ್ಟಲೆ ಮಂಕಾಗಿ ಮಲಗುವುದುಂಟು, ಆಗ ತಿನ್ನುವುದೂ ಇಲ್ಲ, ಹೊರಹಾಕುವುದೂ ಇಲ್ಲ. ಹೊಟ್ಟೆ ಊದದೆ, ತೂಕ ಬೀಳದೆ ಮಲಗಿದ್ದರೆ ಬಿಟ್ಟುಬಿಡಬೇಕು. ಊದಿದ್ದರೆ, ಹಿಂಗಾಲು ಎಳೆದರೆ, ಸ್ನಾನ ನೀವಿಕೆಗಳಿಗೆ ಜಗ್ಗದಿದ್ದರೆ ಸರೀಸೃಪ ನೋಡುವ ವೈದ್ಯರಲ್ಲಿಗೆ ಹೋಗಬೇಕು. ನಾಯಿ ಬೆಕ್ಕಿನ ವೈದ್ಯರು ಕೈ ಹಾಕುವುದು ಕಡಿಮೆ. ಎಕ್ಸ್‌ರೇ, ಎನಿಮಾ, ಕೊನೆಗೆ ಆಪರೇಷನ್ ಎಂದು ಬಿಲ್ಲು ಬೆಳೆಯುವಾಗ, ಓತಿ ತಂದದ್ದಕ್ಕಿಂತ ಇದೇ ಹೆಚ್ಚಾಯಿತಲ್ಲ ಎಂದು ತಂದೆ ಲೆಕ್ಕ ಹಾಕುತ್ತಾರೆ. ಹಾಕಲಿ. ತಿಂಗಳಿಗೆ ಆರು ಡಾಲರ್ ಉಳಿಸಿದ್ದರ ಬಡ್ಡಿ ಅದು. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ದೀಪದ ಕೆಳಗೆ ಎಷ್ಟು ಡಿಗ್ರಿ ಎಂಬುದು ಇದ್ದೇ ಇರುತ್ತದೆ, ಆಗ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದೂ ಇರುತ್ತದೆ. ಇದಕ್ಕೆ ಅಗ್ಗದ ಪರಿಹಾರ ದೀಪಕ್ಕೊಂದು ಟೈಮರ್. ಬೆಳಿಗ್ಗೆ ತಾನೇ ಹೊತ್ತಿಸುತ್ತದೆ, ರಾತ್ರಿ ತಾನೇ ಆರಿಸುತ್ತದೆ. ಸ್ವಿಚ್ಚಿನ ಮೇಲೆ ಯಾರ ಕೈಯೂ ಹೋಗಬೇಕಾಗಿಲ್ಲ. ಟೈಮರಿನ ಮೇಲೆ ಪುಟ್ಟದೊಂದು ಕೆಂಪು ದೀಪ ಹಗಲೂ ರಾತ್ರಿ ಉರಿಯುತ್ತಿರುತ್ತದೆ, ಅದನ್ನು ಆರಿಸುವುದು ಹೇಗೆ ಎಂದು ತಂದೆ ಕೇಳಿಯೇ ಕೇಳುತ್ತಾರೆ.