ಮಾವನ ಅಂಗಿ, ಅತ್ತೆಯ ಬೀನ್ಸು

ಲಕ್ವ ಹೊಡೆದ ಮನೆಗೆ ಸಲಹೆಯ ಬರ ಎಂದೂ ಬರುವುದಿಲ್ಲ. ಪಾರಿವಾಳದ ರಕ್ತ ಹಚ್ಚಿ ಎನ್ನುವವರೊಬ್ಬರು, ಎಣ್ಣೆಯ ಬಾಟಲಿ ಸಮೇತ ಬರುವವರೊಬ್ಬರು, ‘ನಮ್ಮ ಷಡ್ಡಕನಿಗೂ ಹೀಗೇ ಆಗಿತ್ತು’ ಎಂದು ಶುರುಮಾಡಿ ಆ ಷಡ್ಡಕನ ತಿಥಿಯೂಟದವರೆಗೂ ಕಥೆ ಹೇಳಿ ಕಾಫಿ ಕುಡಿದು ಹೋಗುವವರೊಬ್ಬರು. ನನ್ನ ಸೋದರಮಾವನ ಬಲಗೈ ಬಿದ್ದಾಗ ಇವರೆಲ್ಲ ಬಂದರು. ಆಕ್ಯುಪೇಶನಲ್ ಥೆರಪಿಸ್ಟನ್ನು ಹುಡುಕಿ ಎಂದವರು ಮಾತ್ರ ಒಬ್ಬರೂ ಇಲ್ಲ.

ಫಿಸಿಯೋಥೆರಪಿ ನಡೆದಿತ್ತು. ಕೈ ಭುಜದ ಮಟ್ಟಕ್ಕೆ ಏಳುತ್ತಿತ್ತು. ನಾವು ಸಂಭ್ರಮಪಟ್ಟರೆ ಮಾವ, ‘ಎತ್ತಿದ ಕೈಯಲ್ಲಿ ಏನು ಮಾಡಲೋ, ಬಸ್ಸು ನಿಲ್ಲಿಸಲಾ?’ ಎಂದರು. ಅವರಿಗೆ ಬೇಕಿದ್ದದ್ದು ಸಾರನ್ನ ಕಲಸುವುದು, ಪಂಚೆ ಉಡುವುದು, ಯಾರನ್ನೂ ಕೂಗದೆ ಬಚ್ಚಲಿಗೆ ಹೋಗಿಬರುವುದು. ಅದನ್ನೇ ಕಲಿಸುವವರು ಆಕ್ಯುಪೇಶನಲ್ ಥೆರಪಿಸ್ಟರು ಎಂದು ತಿಳಿಸಿದ್ದು ವಾರ್ಡಿನ ನರ್ಸಮ್ಮ.

ವಿದ್ಯೆಯೇನೂ ಹೊಸದಲ್ಲ. ಅಮೆರಿಕದಲ್ಲಿ ಹುಟ್ಟಿ ಇಲ್ಲಿಯ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲೇ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದರು. ನಮ್ಮ ಮಣಿಪಾಲದಲ್ಲೂ ಪದವಿಯಿದೆ. ಆದರೂ ಊರೂರಲ್ಲಿ ಬೋರ್ಡು ಕಾಣುವುದಿಲ್ಲ. ದೊಡ್ಡಾಸ್ಪತ್ರೆಯ ಪುನರ್ವಸತಿ ವಿಭಾಗದಲ್ಲೋ ಮಕ್ಕಳ ಥೆರಪಿ ಸೆಂಟರಿನಲ್ಲೋ ವಿಚಾರಿಸಬೇಕು. ನಮಗೆ ಸಿಕ್ಕ ಹುಡುಗಿ ಅಂಥ ಸೆಂಟರಿನವಳು. ಪೆನ್ಸಿಲ್ ಹಿಡಿಯಲು ಬಾರದ, ಅಂಗಿಯ ಲೇಬಲ್ ತಾಗಿದರೂ ರಂಪ ಮಾಡುವ ಮಕ್ಕಳ ನಡುವೆ ಅವಳ ದಿನ ಕಳೆಯುತ್ತಿತ್ತು. ಮಾವನನ್ನು ನಿಭಾಯಿಸಲು ಅದಕ್ಕಿಂತ ಒಳ್ಳೆಯ ತರಬೇತಿ ಇರಲಾರದು.

ಬಂದವಳು ಕೈ ಮುಟ್ಟುವ ಮೊದಲು, ‘ಅಂಕಲ್, ಬೆಳಿಗ್ಗೆ ಎದ್ದು ಏನೇನು ಮಾಡ್ತಿದ್ರಿ?’ ಎಂದು ಕೇಳಿದಳು. ನಿವೃತ್ತ ಮೇಷ್ಟರಿಗೆ ಇಂಥ ಪ್ರಶ್ನೆ ಕೇಳಬಾರದು. ಮಾವ ಹಲ್ಲುಜ್ಜುವುದರಿಂದ ಹೊರಟು ಪೇಪರಿನ ಪದಬಂಧ ಮುಟ್ಟುವಷ್ಟರಲ್ಲಿ ಅವಳ ಕಾಫಿ ಆರಿತ್ತು. ಆಮೇಲೆ ಬಚ್ಚಲಿಗೆ ಹೋಗಿ ಟೇಪು ಹಿಡಿದು ಹೊಸ್ತಿಲು ಅಳೆದಳು. ಬಕೆಟ್ಟು ಸ್ಟೂಲಿನ ಮೇಲೇರಿತು, ಇನ್ನು ಬಗ್ಗಬೇಕಿಲ್ಲ. ಹಿಡಿಗಂಬಿ ಎಡಗೈಗೆ ಎಟಕುವ ಗೋಡೆಗೆ ಹೋಯಿತು. ಜಾರುವ ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಬಂತು, ಚಮಚದ ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡಿದ್ದಾಯಿತು. ಪಂಚೆಗೆ ವೆಲ್ಕ್ರೋ ಹೊಲಿಸಿದ್ದನ್ನು ಮಾವ ಮೊದಲು ಅವಮಾನವೆಂದುಕೊಂಡರು. ಮದುವೆ ಗಂಡುಗಳೂ ಈಗ ಅದನ್ನೇ ಉಡುವುದೆಂದು ತಿಳಿದ ಮೇಲೆ ಸುಮ್ಮನಾದರು.

ಅಂಗಿಗೊಂದು ಸೂತ್ರವಿತ್ತು: ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಕೊನೆಗೆ. ಮಾವ ಬೇಗ ಕಲಿತರು. ಕಲಿಯದವರು ಅತ್ತೆ. ಮಾವ ತೋಳಿನೊಳಗೆ ಕೈ ತೂರಿಸಲು ಹೆಣಗುವುದು ಕಂಡರೆ ಸಾಕು, ಓಡಿಬಂದು ಗುಂಡಿ ಹಾಕಿ ಮುಗಿಸುವರು. ‘ನಾನು ಹಾಕಿದ್ರೆ ಎರಡು ನಿಮಿಷ ಕಣೇ, ಇವರು ಹಾಕೋ ಹೊತ್ತಿಗೆ ತಿಂಡಿ ತಣ್ಣಗಾಗತ್ತೆ!’

ಥೆರಪಿ ನಿಜಕ್ಕೂ ಬೇಕಿದ್ದದ್ದು ಯಾರಿಗೆಂದು ಹುಡುಗಿಗೆ ಅಲ್ಲೇ ಗೊತ್ತಾಗಿರಬೇಕು. ಮಾವ ಅಂಗಿ ಹಾಕಿ ಮುಗಿಸುವವರೆಗೆ ಅತ್ತೆ ಅಡುಗೆಮನೆಯಿಂದ ಹೊರಬಾರದೆ ಬೀನ್ಸು ಹೆಚ್ಚಬೇಕು, ಅದೂ ಸಣ್ಣಗೆ ಎಂದು ಅಪ್ಪಣೆಯಾಯಿತು. ಆ ಮಳೆಗಾಲವಿಡೀ ಅವರ ಮನೆಗೆ ಹೋದವರಿಗೆಲ್ಲ ಬೀನ್ಸು ಪಲ್ಯ.