ಬೆಲೆಯ ಅಜ್ಞಾತವಾಸ

ಕೈಯಲ್ಲಿ ಹಣ ಹಿಡಿದು ಒಂದು ವಸ್ತುವಿನ ಮುಂದೆ ನಿಂತ ಮನುಷ್ಯನು ಆ ವಸ್ತುವಿನ ವಿಷಯದಲ್ಲಿ ತಿಳಿಯತಕ್ಕ ಸಂಗತಿಗಳು ಅನೇಕವಿದ್ದರೂ, ಅವುಗಳಲ್ಲಿ ಮೊತ್ತಮೊದಲನೆಯದು ಅದರ ಬೆಲೆಯೆಂಬುದನ್ನು ಅರ್ಥಶಾಸ್ತ್ರಜ್ಞರೂ ಗೃಹಸ್ಥರೂ ಭಿನ್ನಾಭಿಪ್ರಾಯವಿಲ್ಲದೆ ಒಪ್ಪುತ್ತಾರೆಂದು ನಾನು ಬಹುಕಾಲ ನಂಬಿದ್ದೆ. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಸೂಪರ್ ಮಾರ್ಕೆಟ್ಟೊಂದು ತನ್ನ ಗಾಜಿನ ಬಾಗಿಲುಗಳನ್ನು ತೆರೆದಂದಿನಿಂದ ಆ ನಂಬಿಕೆ ಸಡಿಲವಾಗುತ್ತ ಬಂದಿದೆ. ಅಲ್ಲಿ ಗೋಧಿಹಿಟ್ಟಿನ ಪೊಟ್ಟಣವೊಂದನ್ನು ಎತ್ತಿಕೊಂಡರೆ, ಅದು ಯಾವ ಊರಿನಲ್ಲಿ ಜನ್ಮ ತಾಳಿತು, ಅದರ ಆಯುಷ್ಯವೆಷ್ಟು, ನೂರು ಗ್ರಾಮಿನಲ್ಲಿ ಸಸಾರಜನಕವೆಷ್ಟು, ನಾರೆಷ್ಟು, ಕೊಂಡವನಿಗೆ ಕೋಪ ಬಂದ ಪಕ್ಷದಲ್ಲಿ ಯಾವ ದೂರವಾಣಿ ಸಂಖ್ಯೆಗೆ ಅದನ್ನು ನಿವೇದಿಸಿಕೊಳ್ಳಬೇಕು ಎಂಬಿವೆಲ್ಲವೂ ಜಾತಕದಷ್ಟು ಸವಿಸ್ತಾರವಾಗಿ ತಿಳಿದುಬರುತ್ತವೆ. ಬೆಲೆಯನ್ನು ಮಾತ್ರ ಹುಡುಕಬೇಕು. ಮಧ್ಯಾಹ್ನವನ್ನು ನಾಚಿಸುವಷ್ಟು ದೀಪಗಳನ್ನು ಹೊತ್ತಿಸಿದ ಜಾಗದಲ್ಲಿ ಒಂದು ಅಂಕೆ ಕಣ್ಣಿಗೆ ಬೀಳದಂತೆ ಇರುವುದು ಸಾಮಾನ್ಯವಾದ ಸಾಧನೆಯಲ್ಲ.

ನ್ಯಾಯವಾಗಿ ಹೇಳುವುದಾದರೆ ಅಲ್ಲಿ ಬೆಲೆಗಳೇ ಇಲ್ಲವೆಂದಲ್ಲ, ಹೇರಳವಾಗಿವೆ. ಆದರೆ ಅವು ತಮ್ಮ ತಮ್ಮ ವಸ್ತುಗಳೊಡನೆ ಸಂಸಾರ ಮಾಡುವುದಿಲ್ಲ. ಹಲಗೆಯ ಅಂಚಿಗೆ ಅಂಟಿಸಿದ ಪುಟ್ಟ ಚೀಟಿಯಲ್ಲಿ ಜೀರಿಗೆಯ ಧಾರಣೆ ನಮೂದಾಗಿದ್ದರೆ ಅದರ ಮೇಲೆ ಸಾಸಿವೆ ಕುಳಿತಿರುತ್ತದೆ. ಸಾಸಿವೆಯ ಚೀಟಿಯನ್ನು ಅರಸುತ್ತ ಹೋದರೆ ಅದು ಮೆಂತ್ಯದ ಪಾದಮೂಲದಲ್ಲಿ ದೊರೆಯುತ್ತದೆ. ಮೆಂತ್ಯದ್ದನ್ನು ಅನುಸರಿಸಿ ಹೊರಟವನು ಕ್ರಮೇಣ ಮಸಾಲೆಯ ಸೀಮೆಯನ್ನು ದಾಟಿ ಸಾಬೂನಿನ ಸೀಮೆಯನ್ನು ಪ್ರವೇಶಿಸಿರುತ್ತಾನೆ. ಕೊನೆಯಲ್ಲಿ ಯಾವ ವಸ್ತುವೂ ಇಲ್ಲದ ಬರಿಯ ಹಲಗೆಯೊಂದರ ಕೆಳಗೆ ಅತ್ಯಂತ ಸ್ಪಷ್ಟವಾದ, ದೊಡ್ಡ ಅಕ್ಷರದ, ಅತ್ಯಂತ ಅಗ್ಗವಾದ ಬೆಲೆಯೊಂದು ಕಂಡುಬರುತ್ತದೆ. ಇದ್ದ ವಸ್ತುವಿಗೆ ಬೆಲೆಯಿಲ್ಲ, ಬೆಲೆಯಿದ್ದುದಕ್ಕೆ ವಸ್ತುವಿಲ್ಲ ಎಂಬ ಈ ಸ್ಥಿತಿಯನ್ನು ವೇದಾಂತಿಗಳು ಏನೆಂದು ವರ್ಣಿಸುತ್ತಾರೋ ಅರಿಯೆ. ಅಲ್ಲಿಯ ಕೆಂಪು ಅಂಗಿಯ ಹುಡುಗನು ಮಾತ್ರ, ‘ಸ್ಟಾಕ್ ಇಲ್ಲ ಸಾರ್’ ಎಂದು ಮೂರೇ ಮಾತಿನಲ್ಲಿ ಅದನ್ನು ಪ್ರತಿಪಾದಿಸಿದನು.

ಹಿಂದಿನ ಕಾಲದಲ್ಲಿ ಬೆಲೆಗಳು ಸತ್ಯವಂತವಾಗಿದ್ದವೆಂದು ಸಾಧಿಸಹೊರಡುವ ಹಟ ನನಗಿಲ್ಲ. ಶೆಟ್ಟರ ಅಂಗಡಿಯಲ್ಲಿ ಶೆಟ್ಟರು ಹೇಳಿದ ಬೆಲೆಯೂ ಸುಳ್ಳು, ನಮ್ಮ ತಾಯಿ ಕೇಳಿದ ಬೆಲೆಯೂ ಸುಳ್ಳು. ಅವೆರಡರ ನಡುವೆ ಎಲ್ಲಿಯೋ ಸತ್ಯವಿದೆಯೆಂಬುದು ಇಬ್ಬರಿಗೂ ಗೊತ್ತಿದ್ದುದರಿಂದ, ಬೋಣಿಯ ಹೊತ್ತು, ಮಳೆಯ ಅಭಾವ, ಹೆಣ್ಣುಮಕ್ಕಳ ಮದುವೆ ಮೊದಲಾದ ವಿಷಯಗಳನ್ನು ಪ್ರಸ್ತಾಪಿಸುತ್ತ, ಅವಸರವಿಲ್ಲದೆ ಅದನ್ನು ಮುಟ್ಟುತ್ತಿದ್ದರು. ಮುಟ್ಟಿದ ಮೇಲೆ ಕೊಸರಿಗೆಂದು ಒಂದು ಹಿಡಿ ಕಡಲೆಯೋ ಒಂದು ತುಂಡು ಬೆಲ್ಲವೋ ಬರುತ್ತಿತ್ತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಜೋಡೆತ್ತಿನ ವ್ಯಾಪಾರ ಕುದುರುವುದನ್ನು ಕಂಡವರು ಇನ್ನೂ ಒಂದು ವಿಚಿತ್ರವನ್ನು ಬಲ್ಲರು: ದಳ್ಳಾಳಿಯೂ ಕೊಳ್ಳುವವನೂ ಟವೆಲ್ಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳುಗಳನ್ನು ಅದುಮಿ ಸಾವಿರಗಳನ್ನು ಏರಿಸಿ ಇಳಿಸುತ್ತಿರುವಾಗ, ಬಾಯಿ ಮಾತ್ರ ಈ ವರ್ಷದ ರಾಗಿಯ ಬೆಳೆಯನ್ನು ಕುರಿತು ಮಾತನಾಡುತ್ತಿರುತ್ತದೆ. ಅಲ್ಲಿಯೂ ಬೆಲೆ ಗುಪ್ತವೇ ಸರಿ. ಆದರೆ ಅದು ಸುತ್ತ ನಿಂತು ನೋಡುವವರಿಗೆ ಗುಪ್ತವೇ ಹೊರತು ಕೊಳ್ಳುವವನಿಗಲ್ಲ. ಸೂಪರ್ ಮಾರ್ಕೆಟ್ಟು ಈ ಪುರಾತನ ಪದ್ಧತಿಯನ್ನು ತಲೆಕೆಳಗು ಮಾಡಿದೆ. ಈಗ ಬೆಲೆಯನ್ನು ಯಂತ್ರ ಬಲ್ಲದು, ಯಂತ್ರಕ್ಕೆ ಅದನ್ನು ಬೋಧಿಸಿದ ದೂರದ ಕಚೇರಿ ಬಲ್ಲದು. ಅರಿಯದವನು ಹಣ ಕೊಡುವವನೊಬ್ಬನೇ.

ಇಂಥ ಅಂಗಡಿಯ ಮೂಲಪುರುಷನ ಉದ್ದೇಶ ಹೀಗಿರಲಿಲ್ಲವೆಂಬುದೇ ಇದರಲ್ಲಿ ಸೋಜಿಗ. ಅಮೆರಿಕದ ಮೆಂಫಿಸ್ ನಗರದಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು ‘ಪಿಗ್ಲಿ ವಿಗ್ಲಿ’ ಎಂಬ ಹೆಸರಿನ ಅಂಗಡಿಯನ್ನು ತೆರೆದನು; ಇಂಥ ಹೆಸರಿಟ್ಟವನ ಧೈರ್ಯವನ್ನು ಮೊದಲು ಮೆಚ್ಚಬೇಕು. ಗಿರಾಕಿಯು ತಾನೇ ಒಳಹೊಕ್ಕು, ತಾನೇ ಆರಿಸಿ, ತಾನೇ ಹೊತ್ತು ತಂದು ಹಣ ತೆರಲೆಂದು ಅವನು ಏರ್ಪಡಿಸಿದಾಗ, ಯಾರನ್ನೂ ಏನನ್ನೂ ಕೇಳುವ ಅಗತ್ಯವಿರಬಾರದೆಂದು ಪ್ರತಿಯೊಂದು ವಸ್ತುವಿಗೂ ಬೆಲೆಯನ್ನು ಹಚ್ಚಿದನು. ಕೈಬುಟ್ಟಿ ಭಾರವಾದೊಡನೆ ಗಿರಾಕಿಯ ಉತ್ಸಾಹ ಕುಂದುವುದನ್ನು ಗಮನಿಸಿ, 1937ರಲ್ಲಿ ಒಕ್ಲಹೋಮದ ಸಿಲ್ವನ್ ಗೋಲ್ಡ್‌ಮನ್ ಎಂಬ ಮತ್ತೊಬ್ಬ ಮಹಾಶಯನು ಬುಟ್ಟಿಗೆ ಗಾಲಿಗಳನ್ನು ಜೋಡಿಸಿದನು. ಅಲ್ಲಿಯವರೆಗೂ ಎಲ್ಲವೂ ಕ್ಷೇಮ. ಬಳಿಕ 1974ನೆಯ ಇಸವಿಯ ಜೂನ್ 26ರಂದು ಒಹೈಯೋ ಪ್ರಾಂತದ ಟ್ರಾಯ್ ಎಂಬ ಪಟ್ಟಣದಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣವೊಂದರ ಮೇಲಿದ್ದ ಕಪ್ಪು ಗೀಟುಗಳನ್ನು ಯಂತ್ರವು ಮೊದಲ ಬಾರಿಗೆ ಓದಿತು. ಅಂದಿನಿಂದ ಬೆಲೆ ಎಂಬುದು ವಸ್ತುವಿನ ಮೈಯನ್ನು ಬಿಟ್ಟು ಯಂತ್ರದ ಉದರವನ್ನು ಸೇರತೊಡಗಿತು. ಸಾಂಡರ್ಸನು ಕೇಳುವ ಅಗತ್ಯವನ್ನು ತೆಗೆಯಲೆಂದು, ಕೇಳಿದರೆ ಹೇಳುತ್ತಿದ್ದ ಮನುಷ್ಯನನ್ನೂ ತೆಗೆದಿದ್ದನು. ಗೀಟುಗಳು ಬಂದು ಹಚ್ಚಿದ ಬೆಲೆಯನ್ನೂ ತೆಗೆದವು. ಹೀಗೆ ಎರಡು ಸುಧಾರಣೆಗಳ ನಡುವೆ ನಾವು ನಿಂತಿದ್ದೇವೆ, ಗಾಲಿಯ ಬುಟ್ಟಿಯನ್ನು ಹಿಡಿದುಕೊಂಡು.

ಭರತಖಂಡದಲ್ಲಿ ಹುಟ್ಟಿದವರಿಗೆ ಈ ಸಂಕಟ ಇರಬಾರದಾಗಿತ್ತು. ನಮ್ಮಲ್ಲಿ 1977ರಿಂದಲೇ ಪೊಟ್ಟಣದ ಪದಾರ್ಥಗಳಿಗೆ ನಿಯಮಗಳುಂಟು. 1990ರಿಂದ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟದ ಬೆಲೆ, ಎಂದರೆ ಮನೆಮನೆಯ ಮಾತಿನಲ್ಲಿ ಎಂಆರ್‌ಪಿ, ಪೊಟ್ಟಣದ ಮೇಲೆ ಅಚ್ಚಾಗಲೇಬೇಕು. ಆದರೆ ಎಲ್ಲಿ ಅಚ್ಚಾಗಬೇಕೆಂಬ ವಿಷಯದಲ್ಲಿ ತಯಾರಕರ ಕಲ್ಪನಾಶಕ್ತಿಗೆ ಅವಕಾಶ ಉಳಿದಿದೆ. ‘ಬೆಲೆಗಾಗಿ ಡಬ್ಬಿಯ ತಳವನ್ನು ನೋಡಿ’ ಎಂದು ಒಂದು ಅಪ್ಪಣೆ ಕೊಡಿಸುತ್ತದೆ. ಇನ್ನೊಂದು ಕತ್ತನ್ನು ನೋಡೆನ್ನುತ್ತದೆ. ಮತ್ತೊಂದು, ಪೊಟ್ಟಣದ ಬಾಯನ್ನು ಒತ್ತಿ ಮಡಿಸಿದ ನಿರಿಗೆಯನ್ನು ನೋಡೆನ್ನುತ್ತದೆ. ಅಲ್ಲಿ, ಬೆಳ್ಳಿಯ ಹಾಳೆಯ ಮೇಲೆ ಬೂದಿಬಣ್ಣದ ಚುಕ್ಕೆಗಳಲ್ಲಿ, ವಿರಾಟನಗರದ ಪಾಂಡವರಷ್ಟೇ ಜಾಗರೂಕತೆಯಿಂದ ಬೆಲೆಯು ಅಜ್ಞಾತವಾಸವನ್ನು ಆಚರಿಸುತ್ತಿರುತ್ತದೆ. ಅಕ್ಷರಗಳ ಎತ್ತರ ಒಂದು ಮಿಲಿಮೀಟರಿಗಿಂತ ಕಡಮೆಯಿರಕೂಡದೆಂದು ನಿಯಮವೇ ಇದೆ. ನಿಯಮವನ್ನು ರಚಿಸಿದವರು ಯುವಕರಾಗಿದ್ದಿರಬೇಕು. ಎಣ್ಣೆಯ ಡಬ್ಬಿಯ ತಳವನ್ನು ನೋಡುವುದಕ್ಕಾಗಿ ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಕನ್ನಡಕವನ್ನು ಹಣೆಗೆ ಸರಿಸಿ, ಕತ್ತನ್ನು ಹಿಂದಕ್ಕೆ ಬಾಗಿಸಿ ನಿಂತ ಹಿರಿಯರನ್ನು ಅಲ್ಲಿ ಎಲ್ಲ ಸಾಲುಗಳಲ್ಲಿಯೂ ಕಾಣಬಹುದು. ಹೊಸಬರಾರಾದರೂ ನೋಡಿದರೆ ಅದೊಂದು ಅರ್ಘ್ಯಪ್ರದಾನದ ವಿಧಿಯೆಂದೇ ಭಾವಿಸಿಯಾರು.

ಕಂಡುಹಿಡಿದ ಬೆಲೆಯಾದರೂ ನಿಜವೇ? ಗರಿಷ್ಠ ಎಂಬುದು ಮೀರಬಾರದ ಎಲ್ಲೆಯೇ ಹೊರತು ಅಷ್ಟೇ ತೆಗೆದುಕೊಳ್ಳಬೇಕೆಂಬ ವಿಧಿಯಲ್ಲವಷ್ಟೆ. ಆದುದರಿಂದ ಅದರ ಕೆಳಗೆ ಅಂಗಡಿಯ ಬೆಲೆ, ಅದರ ಕೆಳಗೆ ಸದಸ್ಯರ ಬೆಲೆ, ಅದಕ್ಕೂ ಕೆಳಗೆ ಎರಡು ಕೊಂಡವರಿಗೆ ಮಾತ್ರ ಸಲ್ಲುವ ಬೆಲೆ, ಹೀಗೆ ಪಾತಾಳದವರೆಗೆ ಲೋಕಗಳುಂಟು. 2025ರ ಸೆಪ್ಟೆಂಬರ್ 22ರಂದು ಸರಕು-ಸೇವಾ ತೆರಿಗೆ ಇಳಿದು ಸಾಬೂನು, ತಲೆಯೆಣ್ಣೆಗಳು ಅಗ್ಗವಾದಾಗ ಈ ಲೋಕಗಳಿಗೆ ಇನ್ನೊಂದು ಕೂಡಿಕೊಂಡಿತು. ಇಳಿಸಿದ ಬೆಲೆಯ ಚೀಟಿಯನ್ನು ಅಂಟಿಸಬಹುದು, ಆದರೆ ಅದು ಹಳೆಯ ಬೆಲೆಯನ್ನು ಮುಚ್ಚಕೂಡದು ಎಂಬುದು ಕಾನೂನು. ಹಾಗಾಗಿ ಒಂದೇ ಸಾಬೂನು ಎರಡು ಬೆಲೆಗಳನ್ನು ಹೊತ್ತು, ಯಾವುದನ್ನು ಬೇಕಾದರೂ ನಂಬಿ ಎಂಬ ಉದಾರಭಾವದಿಂದ ನಮ್ಮನ್ನು ನೋಡುತ್ತಿತ್ತು.

ರಸೀತಿಯ ಕೊನೆಯ ಪಂಕ್ತಿಯನ್ನು ಮಾತ್ರ ನಾನು ಮನಸಾರೆ ಗೌರವಿಸುತ್ತೇನೆ. ಎಷ್ಟು ಖರ್ಚಾಯಿತೆಂಬುದನ್ನು ಸಂಕೋಚದಿಂದ ಸಣ್ಣದಾಗಿ ಹೇಳಿ, ‘ಇಂದು ತಾವು ಉಳಿಸಿದ ಹಣ’ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸುವ ಆ ಪಂಕ್ತಿಯನ್ನು ರಚಿಸಿದವನು ಮನುಷ್ಯನ ಹೃದಯವನ್ನು ಬಲ್ಲ ಕವಿಯಾಗಿರಬೇಕು. ಯಾರೂ ಎಂದೂ ಕೊಡದಿದ್ದ ಬೆಲೆಯಿಂದ ಕೊಟ್ಟ ಬೆಲೆಯನ್ನು ಕಳೆದು ಉಳಿದುದು ನಮ್ಮ ಸಂಪಾದನೆ! ನನ್ನ ಪತ್ನಿಯು ಈ ಉಳಿತಾಯಗಳನ್ನು ಗಂಭೀರವಾಗಿ ಪರಿಗಣಿಸಿ, ಅಷ್ಟೆಲ್ಲ ಉಳಿದಿರುವಾಗ ಒಂದು ಮಿಕ್ಸಿಯನ್ನು ಕೊಳ್ಳುವುದು ನ್ಯಾಯವಲ್ಲವೇ ಎಂದು ಕೇಳಿದಳು. ಆ ಹಣ ಯಾವ ಬ್ಯಾಂಕಿನಲ್ಲಿದೆಯೆಂದು ನಾನು ವಿಚಾರಿಸಿದ್ದು ಅವಳಿಗೆ ಹಿಡಿಸಲಿಲ್ಲ. ಕೌಟಿಲ್ಯನು ಗೊತ್ತಾದ ಧಾರಣೆಯ ಮೇಲೆ ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭವನ್ನು ವರ್ತಕನಿಗೆ ವಿಧಿಸಿ, ಅದನ್ನು ಮೀರಿದವನಿಗೆ ದಂಡವನ್ನು ಹೇಳಿದ್ದಾನೆ. ಗಿರಾಕಿಯೇ ಲಾಭ ಮಾಡಿಕೊಳ್ಳುವ ಈ ವ್ಯವಸ್ಥೆ ಅವನ ಊಹೆಗೂ ಬಂದಿರಲಿಲ್ಲ.

ತರಕಾರಿಯ ವಿಭಾಗದ ಕಥೆಯೇ ಬೇರೆ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ದಿನದ ಧಾರಣೆಯನ್ನು ಹಲಗೆಯ ಮೇಲೆ ಬರೆದು ಬೀದಿಗೆ ಕಾಣುವಂತೆ ತೂಗುಹಾಕುತ್ತಾರೆ; ಹುರುಳಿಕಾಯಿಯ ಬೆಲೆ ಎದೆ ನಡುಗಿಸುವಂತಿದ್ದರೂ, ನಡುಗುವುದೆಲ್ಲವನ್ನೂ ಹೊರಗೇ ನಡುಗಿ ಮುಗಿಸಿ, ಸ್ಥಿತಪ್ರಜ್ಞನಾಗಿ ಒಳಗೆ ಕಾಲಿಡಬಹುದು. ಸೂಪರ್ ಮಾರ್ಕೆಟ್ಟಿನಲ್ಲಾದರೋ ಅಣಬೆಯೋ ದಪ್ಪಮೆಣಸಿನಕಾಯಿಯೋ ರಾಶಿಬಿದ್ದಿರುವ ಕಡೆ, ಅಂಗೈಯಗಲದ ಅಂಕಿಗಳಲ್ಲಿ 39 ಎಂದು ಬರೆದಿರುತ್ತದೆ. ಈ ಕಾಲದಲ್ಲಿಯೂ ಇಷ್ಟು ಅಗ್ಗವೇ ಎಂದು ಕೃತಜ್ಞತೆಯಿಂದ ಸಮೀಪಿಸಿದವನಿಗೆ, ಆ 9ರ ಬಾಲದ ನೆರಳಿನಲ್ಲಿ ‘250 ಗ್ರಾಂ’ ಎಂಬುದು ಇರುವೆಯ ಗಾತ್ರದಲ್ಲಿ ಗೋಚರಿಸುತ್ತದೆ. ಪಕ್ಕದ ರಾಶಿಯ ಬೆಲೆ ಕಿಲೋಗೆ. ಅದರಾಚೆಯ ತೆಂಗಿನಕಾಯಿಯದು ಒಂದಕ್ಕೆ. ಕೊತ್ತಂಬರಿಯದು ಕಟ್ಟಿಗೆ, ಕಟ್ಟೆಂದರೆ ಎಷ್ಟೆಂಬುದು ಕಟ್ಟಿದವನ ದಯೆಗೆ. ಬಿಸ್ಕತ್ತಿನ ವಿಷಯದಲ್ಲಿ ಬೆಲೆಯು ಹತ್ತೇ ರೂಪಾಯಿಯಾಗಿ ಅಚಲವಾಗಿ ನಿಂತಿದ್ದು, ಬಿಸ್ಕತ್ತುಗಳೇ ಒಂದೊಂದಾಗಿ ಪೊಟ್ಟಣದಿಂದ ಮರೆಯಾಗುತ್ತಿವೆ.

ಇದನ್ನೆಲ್ಲ ಸರಕಾರ ಗಮನಿಸದೆ ಇಲ್ಲ. 2021ರ ನವೆಂಬರಿನಲ್ಲಿ ನಿಯಮಕ್ಕೆ ತಿದ್ದುಪಡಿಯನ್ನು ತಂದು, ಪೊಟ್ಟಣದ ಮೇಲೆ ಒಟ್ಟು ಬೆಲೆಯೊಡನೆ ಬಿಡಿಮಾನದ ಬೆಲೆಯನ್ನೂ ಅಚ್ಚುಮಾಡಬೇಕೆಂದು ಅಪ್ಪಣೆಯಾಯಿತು. ತೂಕವು ಒಂದು ಕಿಲೋಗಿಂತ ಕಡಮೆಯಿದ್ದರೆ ಗ್ರಾಮಿಗೆ ಇಷ್ಟೆಂದೂ, ಹೆಚ್ಚಿದ್ದರೆ ಕಿಲೋಗೆ ಇಷ್ಟೆಂದೂ ಹೇಳತಕ್ಕದ್ದು. ಈಗ ಅದೇ ಬೇಳೆಯ ಒಂಬೈನೂರು ಗ್ರಾಮಿನ ಪೊಟ್ಟಣದಲ್ಲಿ ಗ್ರಾಮಿಗೆ 0.15 ರೂಪಾಯಿ ಎಂದಿದೆ, ಒಂದೂವರೆ ಕಿಲೋ ಪೊಟ್ಟಣದಲ್ಲಿ ಕಿಲೋಗೆ 160 ರೂಪಾಯಿ ಎಂದಿದೆ ಎಂದಿಟ್ಟುಕೊಳ್ಳಿ, ಯಾವುದು ಅಗ್ಗ? ಬುಟ್ಟಿಗಳ ನೂಕುನುಗ್ಗಲಿನಲ್ಲಿ ನಿಂತು ದಶಾಂಶ ಬಿಂದುವನ್ನು ಮೂರು ಮನೆ ಬಲಕ್ಕೆ ತಳ್ಳಬಲ್ಲವನಿಗೆ ಮಾತ್ರ ಚಿಕ್ಕ ಪೊಟ್ಟಣವೇ ಅಗ್ಗವೆಂಬ ರಹಸ್ಯ ತೆರೆದುಕೊಳ್ಳುತ್ತದೆ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ಹೋಗಿ ನೂರು ನಯೇಪೈಸೆಯ ರೂಪಾಯಿ ಬಂದಾಗ, ಇನ್ನು ಲೆಕ್ಕ ಹಾಕುವ ಕಷ್ಟ ತೀರಿತೆಂದು ನಮ್ಮ ಹಿರಿಯರಿಗೆ ಹೇಳಲಾಗಿತ್ತು.

ಕಟ್ಟಕಡೆಯದು ಬಿಲ್ಲಿನ ಕಟ್ಟೆ. ಅಲ್ಲಿ ಯಂತ್ರವು ಕಿಣಿಕ್ಕೆಂದು ನುಡಿಯುವವರೆಗೂ ಯಾವ ಬೆಲೆಯೂ ಅಂತಿಮವಲ್ಲ. ಹಲಗೆಯ ಮೇಲೆ 85 ಎಂದಿದ್ದುದು ಇಲ್ಲಿ 112 ಆದಾಗ ಏಕೆಂದು ಕೇಳಿದರೆ, ಕಟ್ಟೆಯಲ್ಲಿ ಕುಳಿತ ಹುಡುಗಿಯು ಅತ್ಯಂತ ಸೌಜನ್ಯದಿಂದ, ‘ಸಿಸ್ಟಮ್‌ನಲ್ಲಿ ಹೀಗೇ ಬರ್ತಿದೆ ಸಾರ್, ಆ ಆಫರ್ ನಿನ್ನೆಗೇ ಮುಗೀತು’ ಎನ್ನುತ್ತಾಳೆ. ಅವಳ ಮೇಲೆ ಕೋಪಿಸಿಕೊಳ್ಳುವುದು ಶಕ್ಯವಿಲ್ಲ. ಬೆಲೆಯನ್ನು ಅವಳು ಗೊತ್ತುಮಾಡಿದವಳಲ್ಲ, ನಮ್ಮೊಡನೆಯೇ, ಅದೇ ಕ್ಷಣದಲ್ಲಿ, ಅದನ್ನು ಕಂಡವಳು. ಮೇಲಾಗಿ ನಮ್ಮ ಹಿಂದೆ ಸಾಲುಗಟ್ಟಿ ನಿಂತ ಸಭ್ಯರು ಕೆಮ್ಮಲಾರಂಭಿಸಿರುತ್ತಾರೆ, ಮತ್ತು ಇಪ್ಪತ್ತೇಳು ರೂಪಾಯಿಗಾಗಿ ಸತ್ಯಾಗ್ರಹ ಹೂಡುವ ಎದೆಗಾರಿಕೆಯು ಅಂಥ ಕೆಮ್ಮಿನ ಎದುರಿಗೆ ನಿಲ್ಲತಕ್ಕುದಲ್ಲ. ಚೀಲ ಬೇಕೇ ಎಂದು ಅವಳು ಕೇಳುತ್ತಾಳೆ. ಆ ಚೀಲಕ್ಕೂ ಬೆಲೆಯುಂಟು; ಅದನ್ನು ಮಾತ್ರ ಬಾಯಿಬಿಟ್ಟು, ಮುಂಚಿತವಾಗಿ, ಸ್ಪಷ್ಟವಾಗಿ ಹೇಳುತ್ತಾಳೆ.

ನಮ್ಮ ಬೀದಿಯ ನಿವೃತ್ತ ಲೆಕ್ಕಪರಿಶೋಧಕರೊಬ್ಬರು ಈ ಅನ್ಯಾಯವನ್ನು ಸಹಿಸಲಾರದೆ ಭೂತಗನ್ನಡಿಯೊಂದನ್ನೂ ನೀಲಿ ರಟ್ಟಿನ ಪುಸ್ತಕವೊಂದನ್ನೂ ಹಿಡಿದು ಪ್ರತಿದಿನ ಸಂಜೆ ಅಲ್ಲಿಗೆ ಹೋಗುತ್ತಾರೆ. ಎಲ್ಲ ಪದಾರ್ಥಗಳ ಗರಿಷ್ಠ ಬೆಲೆ, ಚೀಟಿಯ ಬೆಲೆ, ಯಂತ್ರದ ಬೆಲೆ, ಬಿಡಿಮಾನದ ಬೆಲೆ ಈ ನಾಲ್ಕನ್ನೂ ಅವರು ಕಲಮುಗಳಲ್ಲಿ ಬರೆದಿಟ್ಟಿದ್ದಾರೆ, ಕೊಳ್ಳುವುದು ಅಪರೂಪ. ಮೊದಮೊದಲು ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಕೆಂಪು ಅಂಗಿಯ ಹುಡುಗರು ಈಚೆಗೆ ಕುರ್ಚಿ ತಂದು ಹಾಕುತ್ತಾರೆ. ಮೊನ್ನೆ ಹೆಂಗಸೊಬ್ಬರು ಇಂಗಿನ ಡಬ್ಬಿಯನ್ನು ಹಿಡಿದು ಬೆಲೆಯೆಷ್ಟಪ್ಪ ಎಂದು ಒಬ್ಬ ಹುಡುಗನನ್ನು ಕೇಳಿದರು. ಅವನು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ನೇರವಾಗಿ ಕುರ್ಚಿಯ ಬಳಿಗೆ ನಡೆದು, ‘ಸಾರ್, ಇದೆಷ್ಟು?’ ಎಂದನು. ಪುಸ್ತಕದ ಹಾಳೆಗಳು ಮಗುಚಿದವು. ‘ಐವತ್ತು ಗ್ರಾಮಿನದು ತೊಂಬತ್ತೆಂಟು. ಆದರೆ ಇಲ್ಲಿ ಬೇಡಮ್ಮ,’ ಎಂದು ಅವರು ಆಕೆಯ ಕಡೆಗೆ ತಿರುಗಿ ಹೇಳಿದರು, ‘ಹಿಂದಿನ ಬೀದಿಯ ಶೆಟ್ಟರ ಅಂಗಡಿಯಲ್ಲಿ ಕೇಳಿ, ನೂರು ಹೇಳುತ್ತಾರೆ, ಎಂಬತ್ತೈದಕ್ಕೆ ಕೊಡುತ್ತಾರೆ.’