ಸಾರಿಗೆ ಸಮಿತಿಯ ಅಧ್ಯಕ್ಷರಿಗೆ ಬಿನ್ನವತ್ತಳೆ

ವೇದಿಕೆ ತುಂಬ ಕೂತಿರುವ ಗಣ್ಯರೇ, ಎದುರಿಗೆ ಮೊಬೈಲು ನೋಡುತ್ತಿರುವ ಸಹೋದ್ಯೋಗಿಗಳೇ, ಗೇಟಿನ ಬಳಿ ಹಾರ ಹಾಕಿಸಿಕೊಂಡು, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟುಕೊಂಡು ಕಾದಿರುವ ಟೆಂಪೋ ಟ್ರಾವೆಲರ್ ವ್ಯಾನೇ,

ಔಟರ್ ರಿಂಗ್ ರೋಡಿನ ಈ ನಮ್ಮ ಕಂಪನಿಗೆ ವ್ಯಾನ್ ತಂದ ಭಗೀರಥರನ್ನು ಸನ್ಮಾನಿಸುವ ಭಾಗ್ಯ ನನ್ನ ಪಾಲಿಗೆ ಬಂದಿದೆ.

ಸಾರ್, 1973ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 3ಎಂ ಕಂಪನಿಯವರು ಆರು ವ್ಯಾನು ತಂದು ನೌಕರರ ಕೈಗೇ ಕೀಲಿ ಕೊಟ್ಟರು. ಓಡಿಸುವ ನೌಕರನಿಗೆ ಪ್ರಯಾಣ ಪುಕ್ಕಟೆ, ಉಳಿದವರು ಖರ್ಚು ಹಂಚಿಕೊಳ್ಳಬೇಕು. ಇಷ್ಟೇ ಏರ್ಪಾಡು. ಪಾಪ, ಅವರಿಗೆ ತಿಳಿಯಲಿಲ್ಲ. ತಾವು ಮೊದಲು ಸಮಿತಿ ಮಾಡಿದಿರಿ, ಆಮೇಲೆ ಉಪಸಮಿತಿ, ಆಮೇಲೆ ಗೂಗಲ್ ಫಾರ್ಮ್, ಕೊನೆಗೆ ಲೋಗೋ. ವ್ಯಾನು ಬಂದದ್ದು ಲೋಗೋ ಅಂಟಿಸಲು ಜಾಗ ಬೇಕಾಯಿತೆಂದು.

ರೂಟಿನ ವಿಷಯ ಹೇಳಲೇಬೇಕು. ಬನಶಂಕರಿಯಿಂದ ಜಯನಗರ, ಸಿಲ್ಕ್ ಬೋರ್ಡ್, ಅಗರ ದಾಟಿ ಬೆಳ್ಳಂದೂರಿಗೆ ಬರಬೇಕಾದ ಗಾಡಿ ಸಮಿತಿ ಸದಸ್ಯರೊಬ್ಬರ ಮನೆ ಮುಂದೆ ಹಾದುಬರಲೆಂದು ಜೆ.ಪಿ. ನಗರ ಸುತ್ತುತ್ತದೆ. ಆ ಸದಸ್ಯರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ "ಲಿಫ್ಟಲ್ಲಿದ್ದೀನಿ ಅಣ್ಣಾ" ಎಂದು ಫೋನಲ್ಲಿ ಹೇಳುತ್ತಾರೆ. ಡ್ರೈವರಣ್ಣ ಇಂಜಿನ್ ಆಫ್ ಮಾಡಿ ಚಹಾ ಕುಡಿಯಲು ಇಳಿಯುತ್ತಾನೆ. ಇಷ್ಟು ದಿನಕ್ಕೆ ಆ ಲಿಫ್ಟಿನ ವೇಗ ಅವನಿಗೆ ಗೊತ್ತಾಗಿದೆ.

ಮಗುವಿಗೆ ಜ್ವರ ಬಂದರೆ ಮಧ್ಯಾಹ್ನ ಮನೆಗೆ ಹೋಗುವುದು ಹೇಗೆ ಎಂದು ಅಕೌಂಟ್ಸಿನ ಹೆಣ್ಣುಮಗಳು ಕೇಳಿದಳು. "ನೋಟ್ ಮಾಡ್ಕೊಂಡಿದೀವಿ" ಎಂದಿರಿ. ಇವತ್ತಿಗೂ ನೋಟ್‌ಬುಕ್ಕಿನಲ್ಲೇ ಇದೆ. ಅವಳು ಮತ್ತೆ ಸ್ಕೂಟರಿನಲ್ಲಿ ಬರುತ್ತಿದ್ದಾಳೆ.

ಕಂಪನಿ ಗಾಡಿಯಲ್ಲಿ ಮನೆಯಿಂದ ಕೆಲಸಕ್ಕೆ ಬಂದರೆ ಅದನ್ನು ಆದಾಯ ತೆರಿಗೆಯವರೂ ಸಂಬಳಕ್ಕೆ ಸೇರಿಸಿ ಲೆಕ್ಕ ಹಿಡಿಯುವುದಿಲ್ಲ. ಅವರಿಗಿಂತ ಕಟ್ಟುನಿಟ್ಟು ನಮ್ಮ ಎಚ್‌ಆರ್: ತಿಂಗಳು ತಿಂಗಳೂ ಸೀಟಿನ ದುಡ್ಡು ಮುರಿದುಕೊಳ್ಳುತ್ತದೆ. ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಲು ಮಾತ್ರ ಒಂದು ಪೈಸೆ ಇಲ್ಲ! ಒಬ್ಬರೇ ಒಂದು ಕಾರಿನಲ್ಲಿ ಬಂದವರಿಗೆ ಜಾಗ ಪುಕ್ಕಟೆ, ಹನ್ನೆರಡು ಜನ ಒತ್ತಿಕೊಂಡು ಬಂದರೆ ಕಾಸು. ಆಮೇಲೆ ಸೀಟು ಯಾಕೆ ತುಂಬುತ್ತಿಲ್ಲವೆಂದು ಪತ್ತೆ ಹಚ್ಚಲು ಇನ್ನೊಂದು ಉಪಸಮಿತಿ.

ಆದ್ದರಿಂದ ಸಾರ್, ಈ ಮೈಸೂರು ಪೇಟ, ಶಾಲು, ಫಲತಾಂಬೂಲ ಸ್ವೀಕರಿಸಿ. ಇವುಗಳ ಬದಲಿಗೆ ಲಿಫ್ಟಿನ ಪಕ್ಕ ತಮ್ಮ ಹೆಸರು ಬರೆದಿರುವ ಪಾರ್ಕಿಂಗ್ ಜಾಗವನ್ನು ದಯಮಾಡಿ ಬಿಟ್ಟುಕೊಡಿ. ನಾಳೆ ಬೆಳಿಗ್ಗೆ 7.10ಕ್ಕೆ ಬನಶಂಕರಿ ಬಸ್ ನಿಲ್ದಾಣದ ಎದುರು ಬಂದುಬಿಡಿ. ಸೀಟುಗಳು ಖಾಲಿ ಇವೆ.